ಮರದ ಡೆಕ್ ಕಟ್ಟಿಸುವ ಮುನ್ನ ಲೆಕ್ಕ ಹಾಕಿ

ಕೊಟೇಶನ್ ಕೇಳುವ ಮೊದಲು ಅಳತೆ ನಿಮ್ಮ ಕೈಯಲ್ಲಿರಲಿ. ಡೆಕ್ ಎಂದರೆ ಮನೆಯ ಹೊರಗೋಡೆಗೆ ಹೊಂದಿಸಿ ಕಟ್ಟುವ ಮರದ ಜಗುಲಿ. ಅದು ಗೋಡೆಯುದ್ದಕ್ಕೆ 12 ಅಡಿ, ಮುಂದಕ್ಕೆ 10 ಅಡಿ ಎಂದುಕೊಳ್ಳಿ. ಹಲಗೆ ಐದೂವರೆ ಇಂಚು ಅಗಲ, ನಡುವೆ ಸಂದು ಸುಮಾರು 3 ಮಿಲಿಮೀಟರ್. ಹೀಗೆ 12 ಅಡಿಯ 22 ಹಲಗೆ ಬೇಕು. ಸೀಳಿದ್ದು, ಗಂಟಿದ್ದು ತೆಗೆದುಹಾಕಲು ಇನ್ನೆರಡು ಸೇರಿಸಿ. ಕೆಳಗಿನ ಅಡ್ಡತೊಲೆಗಳ ಅಂತರ 16 ಇಂಚು ಮೀರಬಾರದು. ಹಲಗೆಯನ್ನು ಓರೆಯಾಗಿ ಹಾಕಿಸುವುದಾದರೆ 12 ಇಂಚಿಗೆ ಇಳಿಸಿ, ಇಲ್ಲವಾದರೆ ಕಾಲಿಟ್ಟಲ್ಲೆಲ್ಲ ಬಾಗುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ, ಮನೆಯ ಗೋಡೆಗೆ ಕೂರುವ ತೊಲೆ. ಡೆಕ್ ಕುಸಿಯುವುದು ಹೆಚ್ಚಾಗಿ ಇಲ್ಲೇ. ಬರೀ ಮೊಳೆ ಹೊಡೆದರೆ ಭಾರ ಬಿದ್ದಾಗ ಅದು ನಿಧಾನಕ್ಕೆ ಕಿತ್ತು ಬರುತ್ತದೆ. ತುಕ್ಕು ಹಿಡಿಯದ ಅರ್ಧ ಇಂಚಿನ ಬೋಲ್ಟೇ ಬೇಕು. ತೊಲೆಯ ಮೇಲಂಚಿಗೆ ತಗಡಿನ ಹೊದಿಕೆ ಹಾಕಿ, ಅದರ ಮೇಲ್ತುದಿ ಗೋಡೆಯ ಹೊರಹೊದಿಕೆಯ ಹಿಂದೆ ಹೋಗಬೇಕು. ಅದಿಲ್ಲದಿದ್ದರೆ ಮಳೆನೀರು ಹಿಂದೆ ಇಳಿದು, ಹೊರಗೆ ಕಾಣದಂತೆ ಮರ ಕೊಳೆಯುತ್ತದೆ.

ಕನಿಷ್ಠ ಮೂವರು ಗುತ್ತಿಗೆದಾರರಿಗೆ ಒಂದೇ ನಕ್ಷೆ, ಒಂದೇ ಸಾಮಾನಿನ ಪಟ್ಟಿ ಕೊಡಿ, ಆಗಷ್ಟೇ ದರ ಹೋಲಿಸಬಹುದು. ತೀರಾ ಕಡಿಮೆ ಹೇಳಿದವರ ಪಟ್ಟಿಯಲ್ಲಿ ಅಡಿಪಾಯದ ಆಳ, ರೇಲಿಂಗ್, ಮೆಟ್ಟಿಲು ಇವೆಯೇ ನೋಡಿ. ಅನುಮತಿ ಪತ್ರ ಯಾರು ತರುತ್ತಾರೆ, ಕಸ ಯಾರು ಸಾಗಿಸುತ್ತಾರೆ ಎಂಬುದೂ ಬರಹದಲ್ಲಿರಲಿ. ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಡಿ: ಕಂಬ ನಿಂತಾಗ ಒಂದಿಷ್ಟು, ಚೌಕಟ್ಟು ಮುಗಿದಾಗ ಇನ್ನೊಂದಿಷ್ಟು. ಚೌಕಟ್ಟನ್ನು ಹಲಗೆ ಮುಚ್ಚುವ ಮೊದಲೇ ಬಗ್ಗಿ ನೋಡಿ. ಕೊನೆಯ 10 ಶೇಕಡಾ ಹಣ, ರೇಲಿಂಗ್ ಅಲುಗಾಡಿಸಿ ನೋಡಿದ ಮೇಲೆ. ಅಗೆದಾಗ ಬಂಡೆಯೋ ಹಳೆಯ ಪೈಪೋ ಸಿಗಬಹುದು, ಅದಕ್ಕೆಂದು 15 ಶೇಕಡಾ ಪಕ್ಕಕ್ಕಿಡಿ.