ನಿಮ್ಮಪ್ಪನೂ ಇದನ್ನೇ ನುಂಗ್ತಾರಾ?

ಹೋದ ವಾರ ಮೇಲಿನ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಕೈಯಲ್ಲಿ ಬಿಪಿ ಮಾತ್ರೆಯ ಡಬ್ಬಿ. ಯಾವಾಗಲೂ ಬರುತ್ತಿದ್ದ ನೀಲಿ ಡಬ್ಬಿ ಅಲ್ಲ, ಬಿಳಿ. ಆಪೊಟೇಕೆಯಲ್ಲಿ, ಅಂದರೆ ಇಲ್ಲಿ ಜರ್ಮನಿಯ ಮೆಡಿಕಲ್ ಶಾಪಿನಲ್ಲಿ, "ನಿಮ್ಮ ವಿಮೆಯವರು ಈ ಸಲ ಬೇರೆ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ, ಭಾರತದ್ದು" ಅಂದರಂತೆ. ಅಜ್ಜಿ ತಮ್ಮ ಪಾಲಿನ ಐದು ಯೂರೋ ಕೊಟ್ಟು ತಂದಿದ್ದಾರೆ, ಆದರೆ ನುಂಗಿಲ್ಲ. ಕನ್ನಡಕ ಮೇಲೇರಿಸಿ ನನ್ನನ್ನೇ ನೋಡಿದರು.

"ನಿಜ ಹೇಳು. ನಿಮ್ಮಪ್ಪನೂ ಇದನ್ನೇ ನುಂಗ್ತಾರಾ?"

ನಗು ಬಂತು. ಬಾಗಿಲು ಹಾಕಿದ ಮೇಲೆ ಯಾಕೋ ಚುಚ್ಚಿತು.

ಅಜ್ಜಿ ಕೆಟ್ಟವರಲ್ಲ. 2022ರ ಡಿಸೆಂಬರಿನಲ್ಲಿ ನನ್ನ ಮಗಳಿಗೆ ಜ್ವರ. ನಾವಿರುವ ಕ್ಯೋಲ್ನ್ ಊರಿನ ನಾಲ್ಕು ಅಂಗಡಿ ಸುತ್ತಿದರೂ ಮಕ್ಕಳ ಜ್ವರದ ಸಿರಪ್ ಇಲ್ಲ. ಮೊಮ್ಮಗನಿಗೆಂದು ಇಟ್ಟಿದ್ದ ಅರ್ಧ ಬಾಟಲಿಯನ್ನು ರಾತ್ರಿ ಹತ್ತು ಗಂಟೆಗೆ ತಂದುಕೊಟ್ಟವರು ಇವರೇ. ಆ ಚಳಿಗಾಲ ಇಡೀ ಜರ್ಮನಿಯಲ್ಲಿ ಅದೇ ಗೋಳು. ವೈದ್ಯರ ಮಂಡಳಿಯ ಅಧ್ಯಕ್ಷ ಕ್ಲಾಸ್ ರೈನ್‌ಹಾರ್ಟ್ ಅವರಂತೂ, ಅಕ್ಕಪಕ್ಕದವರು ಸೇರಿ ಔಷಧಿಯ ಸಂತೆ ಹಾಕಿಕೊಂಡು ಹಂಚಿಕೊಳ್ಳಬೇಕು ಎಂಬರ್ಥದ ಮಾತಾಡಿ ಔಷಧ ಅಂಗಡಿಯವರಿಂದ ಬೈಸಿಕೊಂಡರು. ತಿಪಟೂರಿನಿಂದ ಅಮ್ಮ ಫೋನಿನಲ್ಲಿ ಕೇಳಿದ್ದಳು: "ಅಷ್ಟು ದೊಡ್ಡ ದೇಶದಲ್ಲಿ ಜ್ವರದ ಔಷಧಿ ಇಲ್ವಾ? ನಮ್ಮ ಬಸ್ ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಲೂ ಸಿಗುತ್ತಲ್ಲೇ."

ಸಿಗದಿರಲು ಕಾರಣ ಹಲವು. ಅದರಲ್ಲಿ ಒಂದು, ಬೆಲೆಯನ್ನು ಹಿಂಡಿದ್ದು. ಇಲ್ಲಿ ಪೇಟೆಂಟ್ ಮುಗಿದ, ಅಂದರೆ ಯಾವ ಕಂಪನಿ ಬೇಕಾದರೂ ಮಾಡಬಹುದಾದ ಔಷಧಿಗೆ ವಿಮಾ ಸಂಸ್ಥೆಗಳು "ಇಷ್ಟೇ ಕೊಡೋದು" ಅಂತ ಗೆರೆ ಎಳೆದಿವೆ. ಅದರ ಮೇಲೆ ಟೆಂಡರ್ ಕರೆಯುತ್ತವೆ. ಜಾಸ್ತಿ ರಿಯಾಯಿತಿ ಕೊಟ್ಟವನ ಡಬ್ಬಿ ಗೆಲ್ಲುತ್ತದೆ. 2007ರಿಂದ ಅಂಗಡಿಯವರು ಗೆದ್ದ ಡಬ್ಬಿಯನ್ನೇ ಕೊಡಬೇಕು, ಡಾಕ್ಟರು ಚೀಟಿಯಲ್ಲಿ "ಬದಲಿಸಬೇಡಿ" ಅಂತ ಗುರುತು ಹಾಕಿದ್ದರೆ ಮಾತ್ರ ಬೇರೆ. ಹೀಗೆ ಹಿಂಡಿ ಹಿಂಡಿ ಸಿರಪ್ ಮಾಡುವವರೇ ಬೆರಳೆಣಿಕೆಗೆ ಇಳಿದರು. 2023ರಲ್ಲಿ ಕಾನೂನು ತಂದು ಮಕ್ಕಳ ಔಷಧಿಯ ಬೆಲೆಯನ್ನು ಸ್ವಲ್ಪ ಸಡಿಲ ಬಿಟ್ಟರು. ಆಂಟಿಬಯಾಟಿಕ್ ಟೆಂಡರಿನಲ್ಲಿ ಯುರೋಪಿನಲ್ಲೇ ತಯಾರಾದದ್ದಕ್ಕೂ ಒಂದು ಪಾಲು ಇಟ್ಟರು.

ಅಜ್ಜಿಗೆ ಇದೆಲ್ಲ ಹೇಳಿದೆ. ಇನ್ನೊಂದು ಮಾತನ್ನೂ ಹೇಳಿದೆ, ಸ್ವಲ್ಪ ಹಟದಿಂದಲೇ. ನಿಮ್ಮ ನೀಲಿ ಡಬ್ಬಿಯ ಮೇಲೆ ಜರ್ಮನ್ ಹೆಸರಿತ್ತು, ನಿಜ. ಒಳಗಿನ ಔಷಧಿಯ ಪುಡಿ ಹೈದರಾಬಾದಿನದೋ ಚೀನಾದ್ದೋ ಯಾರಿಗೆ ಗೊತ್ತು? ಅದನ್ನು ಡಬ್ಬಿಯ ಮೇಲೆ ಬರೆಯಬೇಕೆಂಬ ನಿಯಮವೇ ಇಲ್ಲ. ಅಜ್ಜಿ "ಹೌದಾ?" ಅಂದರು. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಆದರೆ ಅವರ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ. ಅಪ್ಪ ಏನು ನುಂಗುತ್ತಾರೆ?

ಅಪ್ಪನದು ಸಕ್ಕರೆ ಕಾಯಿಲೆ, ಹತ್ತು ಹನ್ನೆರಡು ವರ್ಷದ್ದು. ಮೊದಲು ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಇತ್ತು. ಅಗ್ಗದ ಹಳೆ ಮಾತ್ರೆ. ಒಂದು ದಿನ ಅದನ್ನು ನುಂಗಿ ತೋಟಕ್ಕೆ ಹೋದವರು ಊಟದ ಹೊತ್ತು ಮೀರಿ, ತೆಂಗಿನ ಬುಡದಲ್ಲಿ ಬೆವರಿ ಕುಸಿದು ಕೂತರು. ಕಾಯಿ ಕೀಳಲು ಬಂದಿದ್ದವನು ಎಳನೀರು ಕೆತ್ತಿ ಕುಡಿಸಿ, ಬೈಕಿನಲ್ಲಿ ಮನೆಗೆ ಕರೆತಂದ. ಶುಗರ್ ಲೋ ಆಗಿತ್ತು. ಡಾಕ್ಟರು ಮಾತ್ರೆ ಬದಲಿಸಿದರು. ಹೊಸದರ ಹೆಸರು ಲಿನಾಗ್ಲಿಪ್ಟಿನ್.

ಇಲ್ಲಿ ಕಥೆ ತಮಾಷೆಯಾಗುತ್ತದೆ. ಆ ಮಾತ್ರೆ ಹುಟ್ಟಿದ್ದು ಜರ್ಮನ್ ಕಂಪನಿಯಲ್ಲಿ. ಆ ಕಂಪನಿಯ ಊರು ಇಂಗೆಲ್‌ಹೈಮ್, ನಮ್ಮ ಮನೆಯಿಂದ ರೈನ್ ನದಿಯ ಪಕ್ಕ ರೈಲಿನಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ. 2011ರಲ್ಲಿ ಯುರೋಪಿನಲ್ಲಿ ಮಾರಲು ಅನುಮತಿಯೂ ಸಿಕ್ಕಿತು. ಅದೇ ವರ್ಷ ಜರ್ಮನಿಯಲ್ಲಿ ಆಮ್ನೋಗ್ ಅನ್ನುವ ಕಾನೂನು ಶುರುವಾಗಿತ್ತು. ಹೊಸ ಔಷಧಿ ತಂದವನು ಹಳೆಯದರ ಪಕ್ಕ ಇಟ್ಟು ತೋರಿಸಬೇಕು: ಇದರಿಂದ ರೋಗಿಗೆ ಏನು ಜಾಸ್ತಿ ಸಿಕ್ಕಿತು? ಲೆಕ್ಕ ನೋಡುವ ಸಂಸ್ಥೆ ನಮ್ಮ ಕ್ಯೋಲ್ನಿನಲ್ಲೇ ಇದೆ, ತೀರ್ಮಾನ ಮಾಡುವ ಸಮಿತಿ ಬರ್ಲಿನ್ನಿನಲ್ಲಿ. ಜಾಸ್ತಿ ಏನೂ ಇಲ್ಲದಿದ್ದರೆ ಹಳೆಯದರ ಬೆಲೆಯ ಹತ್ತಿರವೇ ನಿಲ್ಲಬೇಕು. ಲಿನಾಗ್ಲಿಪ್ಟಿನ್‌ನ ಪಕ್ಕ ಇಟ್ಟಿದ್ದು ಅಪ್ಪನ ಆ ಹಳೆ ಮಾತ್ರೆಯ ಜಾತಿಯವನ್ನೇ, ಚಿಲ್ಲರೆ ಕಾಸಿನವು. 2012ರಲ್ಲಿ ಸಮಿತಿ, ಹೆಚ್ಚಿನ ಲಾಭಕ್ಕೆ ಪುರಾವೆ ಇಲ್ಲ ಅಂದಿತು. ಕಂಪನಿ ತನ್ನ ಮಾತ್ರೆಯನ್ನು ತನ್ನ ದೇಶದಲ್ಲಿ ಮಾರಲು ಹೋಗಲಿಲ್ಲ. ಭಾರತದಲ್ಲಿ ಮಾರಿತು.

ಇಂಥ ಲೆಕ್ಕದ ಕಡತಗಳನ್ನು ತಯಾರಿಸುವುದು ನನ್ನ ಹೊಟ್ಟೆಪಾಡು. ಕಂಪನಿಗಳ ಕಡೆಯಿಂದ, ಅದನ್ನೂ ಹೇಳಿಬಿಡುತ್ತೇನೆ. 2025ರ ಜನವರಿಯಿಂದ ಕ್ಯಾನ್ಸರ್ ಔಷಧಿ, ಜೀನ್ ಚಿಕಿತ್ಸೆಗಳ ಪುರಾವೆಯನ್ನು ಯುರೋಪಿನ ದೇಶಗಳು ಒಟ್ಟಿಗೆ ನೋಡಲು ಶುರುಮಾಡಿವೆ. 2030ರ ಹೊತ್ತಿಗೆ ಎಲ್ಲ ಹೊಸ ಔಷಧಿಯೂ ಆ ಸಾಲಿಗೆ ಬರುತ್ತವೆ. ಬೆಲೆ ಮಾತ್ರ ಆಯಾ ದೇಶದವರೇ ಚೌಕಾಸಿ ಮಾಡಬೇಕು. ನನ್ನ ಮೇಜಿನ ಮೇಲಿನ ಕಾಗದ ಕಮ್ಮಿಯಾಗುತ್ತದೆ ಅಂದರು, ಇನ್ನೂ ಆಗಿಲ್ಲ.

ಸಮಿತಿ ಅವತ್ತು ಸರಿಯಾಗಿ ಹೇಳಿತಾ? ಇದನ್ನು ಎಷ್ಟೋ ಸಲ ಯೋಚಿಸಿದ್ದೇನೆ. 2019ರಲ್ಲಿ ಅಪ್ಪನ ಹಳೆ ಮಾತ್ರೆ, ಹೊಸ ಮಾತ್ರೆ ಎರಡನ್ನೂ ಪಕ್ಕಪಕ್ಕ ಇಟ್ಟ ದೊಡ್ಡ ಅಧ್ಯಯನ ಹೊರಬಂತು. ಸುಮಾರು 6000 ಜನ, ಆರು ವರ್ಷಕ್ಕೂ ಮೇಲೆ. ಹೃದಯಾಘಾತ, ಪಾರ್ಶ್ವವಾಯು ಎರಡೂ ಮಾತ್ರೆಯಲ್ಲಿ ಹೆಚ್ಚುಕಮ್ಮಿ ಒಂದೇ. ಆದರೆ ಶುಗರ್ ಲೋ ಆಗಿದ್ದು ಗ್ಲಿಮೆಪಿರೈಡ್‌ನಲ್ಲಿ ನೂರಕ್ಕೆ 38 ಜನಕ್ಕೆ, ಲಿನಾಗ್ಲಿಪ್ಟಿನ್‌ನಲ್ಲಿ ನೂರಕ್ಕೆ 11 ಜನಕ್ಕೆ. ಕಾಗದದ ಮೇಲೆ ಇದು ಒಂದು ಸಾಲು. ನನಗೆ ಆ ಸಾಲು ಓದಿದಾಗಲೆಲ್ಲ ತೆಂಗಿನ ಬುಡ ಕಾಣುತ್ತದೆ. ಆದರೂ ಸಮಿತಿಯ ಮೇಲೆ ಸಿಟ್ಟು ಬರಲ್ಲ. ಕೇಳಬೇಕಾದ್ದನ್ನೇ ಕೇಳಿದ್ದರು, ಉತ್ತರ ಆಗ ಕೈಯಲ್ಲಿರಲಿಲ್ಲ.

ಸಿಟ್ಟು ಬರುವುದು ಊರಿನ ಕಡೆ ನೋಡಿದಾಗ. ಅಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಡಾಕ್ಟರು ಕಂಪನಿಯ ಹೆಸರನ್ನೇ ಬರೆದರು, ಅಂಗಡಿಯವನು ಕೊಟ್ಟ, ಅಪ್ಪ ಜೇಬಿನಿಂದ ತೆತ್ತರು. ಕೊಬ್ಬರಿ ರೇಟು ಬಿದ್ದ ತಿಂಗಳು "ಅರ್ಧ ಸ್ಟ್ರಿಪ್ ಕೊಡಪ್ಪ" ಅನ್ನುತ್ತಿದ್ದರು. ಅಂಗಡಿಯವನು ಕತ್ತರಿ ತಗೊಂಡು ಐದು ಮಾತ್ರೆ ಕತ್ತರಿಸಿ ಕೊಡುತ್ತಿದ್ದ. ರಜೆಗೆ ಹೋಗಿದ್ದಾಗ ಮಗಳು ಅದನ್ನು ನೋಡಿ, "ತಾತನ ಕಾಯಿಲೆ ಅರ್ಧ ಮಾತ್ರ ಇದೆಯಾ?" ಅಂದಳು. ಅವಳ ಔಷಧಿಗೆ ಇಲ್ಲಿ ಕೌಂಟರಿನಲ್ಲಿ ದುಡ್ಡು ಕೊಟ್ಟಿದ್ದನ್ನು ಅವಳು ನೋಡೇ ಇಲ್ಲ. ಡಾಕ್ಟರು ಬರೆದ ಔಷಧಿಗೆ ಹದಿನೆಂಟು ತುಂಬುವವರೆಗೆ ಆ ಐದು ಯೂರೋನೂ ಇಲ್ಲ. ಅಪ್ಪ ದಿನ ಬಿಟ್ಟು ದಿನ ನುಂಗುತ್ತಿದ್ದರು ಅಂತ ನನಗೆ ಗೊತ್ತಾಗಿದ್ದೂ ಆಗಲೇ.

2023ರ ಆಗಸ್ಟಿನಲ್ಲಿ ಭಾರತದಲ್ಲಿ ಅದರ ಪೇಟೆಂಟ್ ಮುಗಿಯಿತು. ನಮ್ಮ ಕಂಪನಿಗಳು ನಾ ಮುಂದು ತಾ ಮುಂದು ಅಂತ ಬಂದವು, ಬೆಲೆ ಕುಸಿಯಿತು. ನನಗೆ ಹಬ್ಬ. ಈಗ ಅಪ್ಪ ದಿನಾ ನುಂಗುತ್ತಾರೆ ಅಂದುಕೊಂಡಿದ್ದೆ.

ಅಜ್ಜಿ ಬಂದುಹೋದ ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರೂ ನಗುತ್ತಾರೆ, ನಮ್ಮ ದೇಶದ ಮಾತ್ರೆ ಅಂತ ಒಂದಿಷ್ಟು ಹೆಮ್ಮೆ ಪಡುತ್ತಾರೆ ಅಂತ ನನ್ನ ಲೆಕ್ಕ.

"ಆಯಮ್ಮ ಹೇಳೋದ್ರಲ್ಲಿ ತಪ್ಪೇನೈತೆ?" ಅಂದರು. "ಐವತ್ತು ರೂಪಾಯಿದು ಇದ್ದಕ್ಕಿದ್ದಂಗೆ ಹತ್ತು ರೂಪಾಯಿಗೆ ಕೊಡ್ತಾರೆ ಅಂದ್ರೆ ಒಳಗೆ ಏನು ತುಂಬವ್ರೋ. ನಾನು ಹಳೇದನ್ನೇ ತರಿಸ್ತಾ ಇದೀನಿ. ಅಂದಂಗೆ ಕಣಮ್ಮಾ, ಬರುವಾಗ ಅಲ್ಲಿಂದ ಒರಿಜಿನಲ್ಲು ಒಂದ್ ಆರು ತಿಂಗಳಿಗಾಗೋವಷ್ಟು ತಗಂಬಾ. ಅಲ್ಲೀದೇ ಅಲ್ವಾ ಅದು?"

"ಅದನ್ನ ಇಲ್ಲಿ ಮಾರಲಿಲ್ಲ ಅಪ್ಪಾ."

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಎಲ್ಲೋ ಹಸು ಕೂಗಿತು.

"ಮಾಡಿದೋರೇ ತಿನ್ನಲ್ವಾ?"

ಹೇಗೆ ಹೇಳುವುದು ಅಂತ ಯೋಚಿಸಿ, "ಹಂಗಲ್ಲ ಅಪ್ಪಾ, ಇಲ್ಲಿ ಒಂದು ಸಮಿತಿ ಇದೆ..." ಅಂತ ಶುರುಮಾಡಿದೆ.

"ತಡಿ ತಡಿ, ತ್ರೀ ಫೇಸ್ ಬಂತು, ಮೋಟ್ರು ಹಾಕಬೇಕು" ಅಂತ ಫೋನಿಟ್ಟರು.