1,500 ಅಡಿ ಅಂದರೆ ಯಾವ ಅಡಿ?

ಬ್ಯಾಂಕ್ ಸಾಲಕ್ಕಾಗಿ ಮನೆ, ಸೈಟು, ಫ್ಲ್ಯಾಟುಗಳಿಗೆ ಬೆಲೆ ಕಟ್ಟಿ ರಿಪೋರ್ಟ್ ಕೊಡುವುದು ನನ್ನ ಕೆಲಸ. ಓಡಾಟವೆಲ್ಲ ಬೆಂಗಳೂರಿನಲ್ಲೇ. ಅಳತೆ ತೆಗೆಯುವುದೇನೂ ಕಷ್ಟವಲ್ಲ, ಲೇಸರ್ ಮೀಟರ್ ಇದೆ. ಕಷ್ಟ ಇರುವುದು ಹೋಲಿಸಿ ನೋಡಲು ಸರಿಯಾದ ಬೆಲೆ ಹುಡುಕುವುದರಲ್ಲಿ. ಅಕ್ಕಪಕ್ಕದಲ್ಲಿ ಅಂಥದ್ದೇ ಮನೆ ಎಷ್ಟಕ್ಕೆ ಹೋಯಿತು ಅಂತ ಗೊತ್ತಾಗಬೇಕು. ಕ್ರಯಪತ್ರ ನೋಡಿದರೆ, ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆಯ ಆಸುಪಾಸಿನಲ್ಲಿ ಬರೆಸಿ ಮಿಕ್ಕಿದ್ದನ್ನು ಕೈಯಲ್ಲೇ ಕೊಟ್ಟಿರುವ ಅನುಮಾನ ಎಷ್ಟೋ ಸಲ ಬರುತ್ತದೆ. ಪ್ರಾಪರ್ಟಿ ಆಪ್ ನೋಡಿದರೆ, ಅಲ್ಲಿರುವುದು ಮಾರಿದ ಬೆಲೆ ಅಲ್ಲವೇ ಅಲ್ಲ, ಮಾಲೀಕರು ಕೇಳುತ್ತಿರುವ ಬೆಲೆ. ಒಂದು ಕೆಳಕ್ಕೆ ಎಳೆಯುತ್ತದೆ, ಇನ್ನೊಂದು ಮೇಲಕ್ಕೆ.

ಆಪ್‌ನಲ್ಲಿ ಬೆಲೆಗಿಂತ ಜಾಸ್ತಿ ತಲೆ ಕೆಡಿಸುವುದು ಅಳತೆ. ‘1,500 ಚದರಡಿ, 90 ಲಕ್ಷ’ ಅಂತ ಹಾಕಿರುತ್ತಾರೆ. ಯಾವ 1,500? 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾ ಅಂದರೆ ಹೊರಗೋಡೆ, ಪೈಪು ಹೋಗುವ ಡಕ್ಟ್, ಬಾಲ್ಕನಿ ಬಿಟ್ಟು, ಒಳಗಿನ ಗೋಡೆಗಳನ್ನು ಸೇರಿಸಿ ಬರುವ ಜಾಗ. ಹೊಸ ಪ್ರಾಜೆಕ್ಟಿನ ಬಿಲ್ಡರ್ ಅದನ್ನೇ ಹೇಳಬೇಕು. ಆದರೆ ಹಳೇ ಫ್ಲ್ಯಾಟ್ ಮಾರುವವರು ಇವತ್ತಿಗೂ ಲಿಫ್ಟು, ಮೆಟ್ಟಿಲು, ಲಾಬಿಯ ಪಾಲೆಲ್ಲ ಸೇರಿದ ಸೂಪರ್ ಬಿಲ್ಟ್-ಅಪ್ ಅಳತೆಯನ್ನೇ ಹಾಕುತ್ತಾರೆ. ಒಳಗೆ ಹೋಗಿ ಅಳೆದರೆ ಕಾರ್ಪೆಟ್ 1,050 ಸಿಗಬಹುದು. ಅದೇ 90 ಲಕ್ಷ ಒಂದು ಲೆಕ್ಕದಲ್ಲಿ ಅಡಿಗೆ 6,000, ಇನ್ನೊಂದು ಲೆಕ್ಕದಲ್ಲಿ 8,571. ಎರಡೂ ಸುಳ್ಳಲ್ಲ. ಆದರೆ ಕಾರ್ಪೆಟ್ಟಿನ ದರವನ್ನು ತಂದು ಸೂಪರ್ ಬಿಲ್ಟ್-ಅಪ್ ಅಳತೆಗೆ ಗುಣಿಸಿದರೆ ಮುಗೀತು ಕತೆ. 90 ಲಕ್ಷದ ಫ್ಲ್ಯಾಟು 1.28 ಕೋಟಿ ದಾಟುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನು: ದರ ಬರೆಯುವಾಗ ಅದು ಯಾವ ಅಡಿಯ ದರ ಅಂತ ಪಕ್ಕದಲ್ಲೇ ಬರೆಯಿರಿ.

ಇನ್ನೊಂದು ತಮಾಷೆ ಇದೆ. ಒಂದೇ ಫ್ಲ್ಯಾಟನ್ನು ಮೂವರು ಬ್ರೋಕರ್‌ಗಳು ಮೂರು ಬೆಲೆಗೆ ಹಾಕಿರುತ್ತಾರೆ. ಸುಮ್ನೆ ನೋಡಿದರೆ ಹೋಲಿಕೆಗೆ ಮೂರು ಮನೆ ಸಿಕ್ಕಿತು ಅನ್ನಿಸುತ್ತದೆ. ಒಮ್ಮೆ ಹೀಗೇ ಒಂದು ಅಪಾರ್ಟ್‌ಮೆಂಟಿನ ಲಿಸ್ಟಿಂಗ್‌ಗಳನ್ನು ನೋಡುತ್ತಿದ್ದೆ. ಒಂದರಲ್ಲಿ ಎರಡನೇ ಮಹಡಿ, ಇನ್ನೊಂದರಲ್ಲಿ ಮೂರನೆಯದು, ಮತ್ತೊಂದರಲ್ಲಿ ಮಹಡಿಯ ಸುದ್ದಿಯೇ ಇಲ್ಲ. ಫೋಟೋ ದೊಡ್ಡದು ಮಾಡಿ ನೋಡಿದರೆ ಮೂರರಲ್ಲೂ ಯುಟಿಲಿಟಿಯ (ಅಡುಗೆಮನೆ ಪಕ್ಕ ಪಾತ್ರೆ, ಬಟ್ಟೆ ತೊಳೆಯುವ ಜಾಗ) ಮೂಲೆಯಲ್ಲಿ ಅದೇ ನೀಲಿ ಡ್ರಮ್ಮು, ಅದರ ಮೇಲೆ ಮುಚ್ಚಳದ ಬದಲು ಒಂದು ರೊಟ್ಟಿ ಹಂಚು! ಅವತ್ತಿನಿಂದ ನಾನು ಹಾಲ್‌ನ ಚಂದದ ಫೋಟೋ ನೋಡುವುದಿಲ್ಲ, ಯುಟಿಲಿಟಿಯ ಫೋಟೋ ನೋಡುತ್ತೇನೆ. ಅಲ್ಲಿ ಯಾರೂ ಅಲಂಕಾರ ಮಾಡಿರುವುದಿಲ್ಲ.

ಸೈಟುಗಳದ್ದು ಬೇರೆ ರಾಗ. ಲಿಸ್ಟಿಂಗ್‌ನಲ್ಲಿ ಎಲ್ಲಾ ಸೈಟೂ 30x40, ಎಲ್ಲಾ ಖಾತೆಯೂ ಎ ಖಾತಾ, ಅಂದರೆ ಪಾಲಿಕೆಯ ಲೆಕ್ಕದಲ್ಲಿ ದಾಖಲೆ ಎಲ್ಲ ಸರಿಯಿರುವಂಥದ್ದು. ಪತ್ರದ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಓದಿ, ಖಾತಾ ನೋಡಿ, ಟೇಪು ಹಿಡಿಯುವವರೆಗೆ ಒಂದನ್ನೂ ನಂಬುವ ಹಾಗಿಲ್ಲ. ದಾಖಲೆಯಲ್ಲಿ ಕೊರತೆ ಇರುವ ಬಿ ಖಾತಾ ಸೈಟನ್ನು ಎ ಖಾತಾ ದರಕ್ಕೆ ಹೋಲಿಸಿದರೆ ಇಡೀ ರಿಪೋರ್ಟೇ ದಂಡ.

ಹಾಗಂತ ಬ್ರೋಕರ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಲಿಸ್ಟಿಂಗ್‌ನಲ್ಲಿ ತಪ್ಪಿದ್ದರೂ ಫೋನ್ ಮಾಡಿದರೆ ಎಷ್ಟೋ ಜನ ಸರಿಯಾದ ಮಾತೇ ಹೇಳುತ್ತಾರೆ. ಆದರೆ ಕೇಳುವ ರೀತಿ ಗೊತ್ತಿರಬೇಕು. ‘ಬೆಲೆ ಎಷ್ಟು?’ ಅಂತ ಕೇಳಿದರೆ ಆಪ್‌ನಲ್ಲಿ ಇರುವುದನ್ನೇ ಒಪ್ಪಿಸುತ್ತಾರೆ. ‘ನಾನು ವ್ಯಾಲ್ಯೂಯರ್, ಕೊಳ್ಳುವವನಲ್ಲ. ಎಷ್ಟು ದಿನದಿಂದ ಹಾಗೇ ಇದೆ ಸಾರ್? ಅದೇ ಬಿಲ್ಡಿಂಗ್‌ನಲ್ಲಿ ಕೊನೆಯದು ಎಷ್ಟಕ್ಕೆ ಕ್ಲೋಸ್ ಆಯ್ತು?’ ಅಂದರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಆಮೇಲೆ ಆ ಲಿಸ್ಟಿಂಗ್‌ನ ಸ್ಕ್ರೀನ್‌ಶಾಟ್ ತಾರೀಕಿನ ಸಮೇತ ಫೈಲಿಗೆ ಸೇರಿಸುತ್ತೇನೆ. ಯಾಕಂದರೆ ಬರುವ ವಾರ ಅದು ಅಲ್ಲಿರುವುದೇ ಇಲ್ಲ, ಇದ್ದರೂ ಬೆಲೆ ಬದಲಾಗಿರುತ್ತದೆ. ರಿಪೋರ್ಟ್‌ನಲ್ಲಿ ಅದನ್ನು ‘ಕೇಳುವ ಬೆಲೆ’ ಅಂತಲೇ ನಮೂದಿಸುತ್ತೇನೆ, ಮಾರಿದ ಬೆಲೆಯ ಸಾಲಿನಲ್ಲಿ ಕೂರಿಸುವುದಿಲ್ಲ.

ಪೆಟ್ಟು ಬೀಳುವುದು ಕೊಳ್ಳುವವರಿಗೆ. ಸಾಲ 75 ಲಕ್ಷ ಮೀರಿದರೆ ಆಸ್ತಿಯ ಬೆಲೆಯ ಶೇ. 75ಕ್ಕಿಂತ ಜಾಸ್ತಿ ಕೊಡುವಂತಿಲ್ಲ ಅಂತ ಆರ್‌ಬಿಐ ನಿಯಮವಿದೆ. ಬ್ಯಾಂಕಿನವರು ಸಾಮಾನ್ಯವಾಗಿ ಅಗ್ರಿಮೆಂಟ್ ಬೆಲೆ, ನಮ್ಮ ಬೆಲೆ ಎರಡರಲ್ಲಿ ಕಡಿಮೆ ಇರುವುದನ್ನೇ ಹಿಡಿಯುತ್ತಾರೆ. ಲಿಸ್ಟಿಂಗ್ ನಂಬಿ 1.20 ಕೋಟಿಗೆ ಅಗ್ರಿಮೆಂಟ್ ಮಾಡಿಕೊಂಡು, ನಮ್ಮ ಲೆಕ್ಕಕ್ಕೆ 1.05 ಕೋಟಿ ಬಂತು ಅನ್ನಿ. 90 ಲಕ್ಷ ಸಿಗಬೇಕಾದ ಕಡೆ 78.75 ಲಕ್ಷ ಸಿಗುತ್ತದೆ. ಅಡ್ವಾನ್ಸ್ ಆಗಲೇ ಕೊಟ್ಟಾಗಿದೆ, ಇನ್ನೂ 11.25 ಲಕ್ಷ ಕೈಯಿಂದ ಹೊಂದಿಸಬೇಕು.

ಆಗ ಫೋನ್ ಬರುವುದು ನಮಗೆ. ‘ಸಾರ್, ಆಪ್‌ನಲ್ಲೇ ಇದೆಯಲ್ಲ, ನೀವ್ಯಾಕೆ ಕಮ್ಮಿ ಮಾಡಿದಿರಿ?’ ಅವರ ಸಂಕಟ ಅರ್ಥವಾಗುತ್ತದೆ, ವಾದಕ್ಕೆ ಇಳಿಯುವುದಿಲ್ಲ. ಅದೇ ಬಿಲ್ಡಿಂಗ್‌ನಲ್ಲಿ ಈಚೆಗೆ ಅಷ್ಟು ಬೆಲೆಗೆ ನೋಂದಣಿ ಆಗಿರುವ ಕ್ರಯಪತ್ರದ ಪ್ರತಿ ಇದ್ದರೆ ಬ್ಯಾಂಕಿನ ಮೂಲಕ ಕಳಿಸಿ ಅನ್ನುತ್ತೇನೆ. ಕೆಲವರು ಕಳಿಸಿದ್ದಾರೆ. ಅದನ್ನು ನೋಡಿ ಬೆಲೆ ಏರಿಸಿದ್ದೂ ಇದೆ.