ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ಸೈಕಲ್: ನಾಲ್ಕು ಗಂಟೆಗೇ ಮಲಗುವ ಜಾಗ ಕೇಳಿಕೊಳ್ಳಿ

ಜನವರಿ 20ಕ್ಕೆ ಕನ್ಯಾಕುಮಾರಿ ಬಿಟ್ಟೆ. ಮೊದಲ ದಿನವೇ ಮುಪ್ಪಂದಲ್ ಹತ್ತಿರ ಗಾಳಿಯಂತ್ರಗಳ ಸಾಲು ಸಾಲು ಸಿಕ್ಕಿತು. ಎಲ್ಲವೂ ನಾನು ಹೋಗಬೇಕಾದ ಕಡೆಗೇ ಮುಖ ಮಾಡಿ ನಿಂತಿದ್ದವು. ಚೆನ್ನಾಗಿದೆ ಅಂತ ಫೋಟೊ ತೆಗೆದುಕೊಂಡು ಮುಂದೆ ಹೋದೆ. ಗಾಳಿಯಂತ್ರ ಗಾಳಿ ಬರುವ ಕಡೆಗೆ ಮುಖ ತಿರುಗಿಸುತ್ತದೆ ಅನ್ನುವುದು ಆಗ ಹೊಳೆಯಲಿಲ್ಲ.

ಈ ಪ್ರವಾಸ ಮಾಡಬೇಕು ಅಂತಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಚಳಿಗಾಲದಲ್ಲಿ ದಕ್ಷಿಣದ ಕಡೆ ಗಾಳಿ ಈಶಾನ್ಯದಿಂದ ಬೀಸುತ್ತದೆ. ನಾವು ಉತ್ತರಕ್ಕೆ ಹೋಗುತ್ತೇವೆ. ಅಂದರೆ ದಿನವಿಡೀ ಗಾಳಿ ಮುಖಕ್ಕೆ, ಇಲ್ಲವೇ ಬಲ ಕೆನ್ನೆಗೆ. ಹೊರಡುವ ಮುಂಚೆ ಕೇಳಿದವರೆಲ್ಲ ತೊಪ್ಪೂರು ಘಾಟಿ ಬಗ್ಗೆ ಹೇಳಿದರು, ಕಾಶ್ಮೀರದ ಏರಿನ ಬಗ್ಗೆ ಹೇಳಿದರು. ಗಾಳಿ ಬಗ್ಗೆ ಒಬ್ಬರೂ ಹೇಳಲಿಲ್ಲ. ಪೆನುಕೊಂಡದಿಂದ ಕರ್ನೂಲಿನವರೆಗೆ ಅಷ್ಟೊಂದು ಏರು ಇಲ್ಲ, ರಸ್ತೆ ನುಣ್ಣಗಿದೆ, ಆದರೂ ಗಂಟೆಗೆ 12 ಕಿ.ಮೀ. ದಾಟಲು ಆಗಲಿಲ್ಲ. ಏರಾದರೆ ಕೊನೆಗೆ ಇಳಿಜಾರು ಸಿಗುತ್ತದೆ. ಎದುರು ಗಾಳಿಗೆ ಅದೂ ಇಲ್ಲ. ನಿಮಗೆ ರಜೆ ಆರಿಸಿಕೊಳ್ಳುವ ಅವಕಾಶ ಇದ್ದರೆ ಅಕ್ಟೋಬರ್ ಮೊದಲ ವಾರ ಶ್ರೀನಗರದಿಂದ ಕೆಳಕ್ಕೆ ಹೊರಡಿ. ಬೆಟ್ಟ ಮೊದಲೇ ಮುಗಿಯುತ್ತದೆ, ಆಮೇಲೆ ಗಾಳಿ ಬೆನ್ನಿಗಿರುತ್ತದೆ.

ನಾನು ಹಿಡಿದದ್ದು ರಾಷ್ಟ್ರೀಯ ಹೆದ್ದಾರಿ 44. ಒಟ್ಟು 52 ದಿನ, ಅದರಲ್ಲಿ ಐದು ದಿನ ಸುಮ್ನೆ ಕೂತದ್ದು. ಸೈಕಲ್ ಸ್ಟೀಲ್ ಫ್ರೇಮಿನದು, ಸಾಮಾನು 18 ಕೆ.ಜಿ. ದಾರಿಯುದ್ದದ ಕಥೆಯೆಲ್ಲ ಹೇಳುವುದಿಲ್ಲ. ಹೈದರಾಬಾದ್, ದೆಹಲಿ ಇವೆರಡನ್ನೂ ಆದಷ್ಟು ಬೇಗ ದಾಟಿದೆ. ನನಗೆ ಟ್ರಾಫಿಕ್ ಸಹಿಸಲು ಆಗುವುದಿಲ್ಲ. ಅದಕ್ಕೇ ಊರೊಳಗಿನ ವಿಷಯ ನನ್ನನ್ನು ಕೇಳಬೇಡಿ.

ಮಲಗುವ ವಿಷಯಕ್ಕೆ ಬರುತ್ತೇನೆ. ಎಲ್ಲರಿಗೂ ಇರುವ ಭಯ ಅದೇ ಅಲ್ವಾ? ಟೆಂಟ್ ಇದೆ, ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು ಅಂತ ನಾನೂ ಅಂದುಕೊಂಡಿದ್ದೆ. ತಮಿಳುನಾಡಿನಲ್ಲಿ ಎರಡನೇ ರಾತ್ರಿ ಕತ್ತಲಾದ ಮೇಲೆ ರಸ್ತೆ ಪಕ್ಕದ ಹೊಲದಲ್ಲಿ ಹಾಕಿದೆ. ಹತ್ತು ಗಂಟೆಗೆ ಟಾರ್ಚ್ ಹಿಡಿದು ನಾಲ್ಕು ಜನ ಬಂದರು. ಕೆಟ್ಟವರಲ್ಲ, ಹೆದರಿದವರು. ಹಿಂದಿನ ವಾರ ಆ ಕಡೆ ಪಂಪ್‌ಸೆಟ್ ವೈರು ಕಳುವಾಗಿತ್ತಂತೆ. ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಎಷ್ಟೇ ಕಾಲು ಬಲ ಇದ್ದರೂ ಸಂಜೆ ನಾಲ್ಕಕ್ಕೆ ನಿಲ್ಲಿಸಿ ಕೇಳುವುದು. ಬೆಳಕಿರುವಾಗ ಕೇಳಿದರೆ ಜನ ನಮ್ಮ ಮುಖ ನೋಡುತ್ತಾರೆ, ಸೈಕಲ್ ನೋಡುತ್ತಾರೆ, ಮಕ್ಕಳು ಬಂದು ಬೆಲ್ ಹೊಡೆಯುತ್ತವೆ. ಕತ್ತಲಲ್ಲಿ ಕೇಳಿದರೆ ನಾವು ಬರೀ ಅಪರಿಚಿತರು.

ಪೆಟ್ರೋಲ್ ಬಂಕ್ ಎಲ್ಲಕ್ಕಿಂತ ಸುಲಭ. ನೀರು, ಶೌಚಾಲಯ, ರಾತ್ರಿಯಿಡೀ ಲೈಟು, ಕಾವಲಿಗೆ ಜನ. ಮ್ಯಾನೇಜರ್ ಹತ್ತಿರವೇ ಕೇಳಿ. ಹುಡುಗರು ಹೂಂ ಅಂದರೂ ರಾತ್ರಿ ಪಾಳಿಯವರು ಬಂದು ಎಬ್ಬಿಸುತ್ತಾರೆ. ಬಂಕಿನ ನೆಲ ಕಾಂಕ್ರೀಟು, ಗೂಟ ಇಳಿಯುವುದಿಲ್ಲ. ಆದ್ದರಿಂದ ಗೂಟವಿಲ್ಲದೆ ತಾನೇ ನಿಲ್ಲುವ ಟೆಂಟನ್ನೇ ಕೊಳ್ಳಿ. ಹಗುರ ಅಂತ ಇನ್ನೊಂದು ತರಹದ್ದು ಕೊಂಡರೆ ಹತ್ತು ರಾತ್ರಿಯಲ್ಲಿ ಏಳು ರಾತ್ರಿ ಬಿಚ್ಚಲು ಆಗುವುದಿಲ್ಲ. ಆದಿಲಾಬಾದ್ ದಾಟಿದ ಮೇಲೆ ಢಾಬಾಗಳಲ್ಲಿ ಹಗ್ಗದ ಮಂಚ ಸಿಗುತ್ತದೆ, ಅಲ್ಲೇ ಊಟ ಮಾಡಿದರೆ ಮಲಗಲು ದುಡ್ಡು ಕೇಳುವುದಿಲ್ಲ. ಪಂಜಾಬಿನಲ್ಲಿ ಗುರುದ್ವಾರ. ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗಿ, ಲಂಗರ್ ಊಟ ಆದ ಮೇಲೆ ತಟ್ಟೆ ತೊಳೆಯಲು ಕೂತುಕೊಳ್ಳಿ. ಫತೇಗಢ್ ಸಾಹಿಬ್ ಹೆದ್ದಾರಿಗೆ ಹತ್ತಿರವೇ ಇದೆ. ಅಲ್ಲಿ ಎರಡು ರಾತ್ರಿ ಇದ್ದೆ.

ನಾಗಪುರದಿಂದ ಸಿವನಿಗೆ ಹೋಗುವಾಗ ಮಾತ್ರ ಈ ಯಾವ ಧೈರ್ಯವೂ ಬೇಡ. ಅದು ಪೆಂಚ್ ಕಾಡು. ಹುಲಿ, ಚಿರತೆ ಕೆಳಗೆ ದಾಟಲಿ ಅಂತ ಅಲ್ಲಲ್ಲಿ ರಸ್ತೆಯನ್ನೇ ಕಂಬದ ಮೇಲೆ ಎತ್ತಿ ಕಟ್ಟಿದ್ದಾರೆ. ಬೆಳಗ್ಗೆ ಬೆಳಕು ಹರಿದ ಮೇಲೆ ಹೊರಟು ಮಧ್ಯಾಹ್ನದೊಳಗೆ ಕುರಈ ಘಾಟ್ ದಾಟಿಬಿಡಿ.

52 ದಿನದಲ್ಲಿ ದುಡ್ಡು ಕೊಟ್ಟು ರೂಮು ಹಿಡಿದದ್ದು ಒಂದೇ ರಾತ್ರಿ. ಆಗ್ರಾ ದಾಟಿ ದೆಹಲಿ ಕಡೆ ಹೋಗುವಾಗ ಮಳೆ ಬಂತು, ಮೈ ಬಿಸಿಯಾಗಿತ್ತು. ಹೆದ್ದಾರಿ ಪಕ್ಕದ ಒಂದು ಲಾಡ್ಜು. 800 ರೂಪಾಯಿ ಅಂದರು, ಒಪ್ಪಿದೆ. ಸೈಕಲನ್ನು ಮಹಡಿಗೆ ತರಬೇಡಿ, ಮೆಟ್ಟಿಲ ಕೆಳಗೆ ಇಡಿ, ನಮ್ಮ ಹುಡುಗ ನೋಡಿಕೊಳ್ಳುತ್ತಾನೆ ಅಂದರು. ಹೊದಿಕೆ ಒದ್ದೆ ವಾಸನೆ. ಕಿಟಕಿ ಮುಚ್ಚುವುದಿಲ್ಲ, ರಾತ್ರಿಯೆಲ್ಲ ಲಾರಿ ಹಾರನ್. ಬೆಳಗ್ಗೆ ಬಿಲ್ಲು 1,250. ಬಿಸಿನೀರು ಎರಡು ಬಕೆಟ್, ಸೈಕಲ್ ಪಾರ್ಕಿಂಗ್, ಹೆಚ್ಚುವರಿ ಹೊದಿಕೆ ಅಂತ ಒಂದೊಂದೇ ಬರೆದಿದ್ದರು. ಕೆಳಗೆ ಬಂದು ನೋಡಿದರೆ ಹಿಂದಿನ ಲೈಟು ಇಲ್ಲ, ಪಂಪು ಇಲ್ಲ. ಕೇಳಿದರೆ ಹುಡುಗ ರಜೆ ಅಂದರು. ಜ್ವರದಲ್ಲಿ ಜಗಳ ಮಾಡುವ ಶಕ್ತಿ ಇರಲಿಲ್ಲ. ಕೊಟ್ಟು ಹೊರಟೆ. ಬಂಕಿನಲ್ಲಿ, ಢಾಬಾದಲ್ಲಿ, ಬಯಲಲ್ಲಿ ಮಲಗಿದ ಅಷ್ಟು ರಾತ್ರಿಗಳಲ್ಲಿ ಒಂದು ಸೂಜಿಯೂ ಹೋಗಿರಲಿಲ್ಲ. ರೂಮು ಹಿಡಿಯಲೇಬೇಕಾದರೆ ಸೈಕಲ್ ರೂಮಿನೊಳಗೆ ಬರುತ್ತದೆ ಅಂತ ಮೊದಲೇ ಮಾತಾಡಿ, ದರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಇನ್ನು ಕರೇಲಿ. ಮಧ್ಯಪ್ರದೇಶದ ನರಸಿಂಹಪುರ ಜಿಲ್ಲೆಯ ಊರು. ನನ್ನದು ಮಂಡ್ಯ. ಊರು ಇನ್ನೂ ಎರಡು ಮೂರು ಕಿ.ಮೀ. ಇರುವಾಗಲೇ ಮೂಗಿಗೆ ಬೆಲ್ಲ ಕಾಯುವ ವಾಸನೆ ಬಡಿಯಿತು. ಸೈಕಲ್ ತಾನಾಗಿ ನಿಂತಿತು. ರಸ್ತೆಯಿಂದ ಒಳಗೆ ಕಬ್ಬಿನ ಗದ್ದೆ, ಗಾಣ, ಉದ್ದದ ಒಲೆ, ಕೊಪ್ಪರಿಗೆ. ನಮ್ಮ ಆಲೆಮನೆಯೇ. ಅಲ್ಲಿ ಭಟ್ಟಿ ಅನ್ನುತ್ತಾರೆ. ಮಾಲೀಕರಿಗೆ ಅರವತ್ತರ ಮೇಲಿರಬೇಕು. ‘ಬಾಬೂಜಿ, ನಮ್ಮೂರಲ್ಲೂ ಬೆಲ್ಲ ಮಾಡುತ್ತಾರೆ’ ಅಂತ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಹಾಗಾದರೆ ಪಾಕ ಬಂದಿದೆಯಾ ಹೇಳು ಅಂತ ಸೌಟು ಕೈಗೆ ಕೊಟ್ಟರು. ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ಇನ್ನೂ ಸ್ವಲ್ಪ ಬೇಕು ಅಂದೆ. ಅವರು ತಲೆ ಆಡಿಸಿದರು. ಮಲಗಲು ಜಾಗ ನಾನು ಕೇಳಲೇ ಇಲ್ಲ. ಒಲೆಯ ಹಿಂದೆ ಒಣ ಸಿಪ್ಪೆ ಹಾಸಿ ಅವರೇ ತೋರಿಸಿದರು. ಫೆಬ್ರವರಿ ಚಳಿಯಲ್ಲಿ ರಾತ್ರಿಯೆಲ್ಲ ಬೆನ್ನಿಗೆ ಒಲೆಯ ಶಾಖ ಇತ್ತು. ಇಡೀ ಪ್ರವಾಸದಲ್ಲಿ ಅಷ್ಟು ಚೆನ್ನಾಗಿ ಇನ್ನೆಲ್ಲೂ ನಿದ್ದೆ ಮಾಡಲಿಲ್ಲ.

ಮಾರನೇ ದಿನ ಅವರು ಹೇಳಿದ ಕಡೆಯೇ ಊಟ ಮಾಡಿದೆ. ಮುಂದೆ ಬರ್ಮಾನ್‌ನಲ್ಲಿ ಹೆದ್ದಾರಿ ನರ್ಮದೆಯನ್ನು ದಾಟುತ್ತದೆ. ಅಲ್ಲಿ ಸ್ನಾನಘಟ್ಟಕ್ಕೆ ಇಳಿಯುವ ದಾರಿಯಲ್ಲಿ ತಗಡಿನ ಚಪ್ಪರ, ಬೋರ್ಡಿಲ್ಲ. ಗಂಡ ಹೆಂಡತಿ ಇಬ್ಬರೇ. ಸಿಗುವುದು ಒಂದೇ ಊಟ, ಗಕ್ಕಡ್ ಭರ್ತಾ. ಗೋಧಿ ಹಿಟ್ಟಿನ ದಪ್ಪ ಉಂಡೆ ತಟ್ಟಿ ಬೆರಣಿ ಕೆಂಡದಲ್ಲಿ ಸುಡುತ್ತಾರೆ. ಅದೇ ಕೆಂಡಕ್ಕೆ ಬದನೆಕಾಯಿ, ಟೊಮೆಟೊ ಹಾಕುತ್ತಾರೆ. ಸಿಪ್ಪೆ ಸುಲಿದು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಸೇರಿಸಿ ಕಿವುಚಿದರೆ ನಮ್ಮ ಸುಟ್ಟ ಬದನೆಕಾಯಿ ಗೊಜ್ಜೇ, ಹುಳಿ ಮಾತ್ರ ಟೊಮೆಟೊದ್ದು. ಗಕ್ಕಡ್ ಮುರಿದು ತುಪ್ಪದಲ್ಲಿ ಅದ್ದಿ ಕೊಟ್ಟರು. ಜೊತೆಗೆ ಗಟ್ಟಿ ತೊಗರಿ ಬೇಳೆ. ಆ ಜಿಲ್ಲೆಯ ತೊಗರಿಗೂ ಒಳ್ಳೆ ಹೆಸರಿದೆ. ಮೂರು ಉಂಡೆ ತಿಂದೆ, ನಾಲ್ಕನೆಯದನ್ನು ಆ ಅಮ್ಮ ಕೇಳದೆ ಹಾಕಿದರು. ಕೊನೆಗೆ ಒಂದು ತುಂಡು ಬೆಲ್ಲ. 60 ರೂಪಾಯಿ. ನರ್ಮದಾ ಪರಿಕ್ರಮ ಮಾಡುವವರಿಗೆ ಅವರು ದುಡ್ಡೇ ತೆಗೆದುಕೊಳ್ಳುವುದಿಲ್ಲ. ನದಿ ಸುತ್ತ ನಡೆಯುವವರಿಗೆ ಊಟ, ಜಾಗ ಕೊಡುವುದು ಆ ದಡದ ರೂಢಿ. ನನ್ನನ್ನೂ ಪರಿಕ್ರಮದವನು ಅಂದುಕೊಂಡು ಬೇಡ ಅಂದಿದ್ದರು, ಅಲ್ಲ ಅಂತ ಹೇಳಿ ಕೊಟ್ಟೆ. ಅವತ್ತು ಮುಂದೆ ಹೋಗಲಿಲ್ಲ. ನೀವೂ ಅಲ್ಲಿ ಒಂದು ದಿನ ಇಟ್ಟುಕೊಳ್ಳಿ.

ಪಂಕ್ಚರ್ ಬಗ್ಗೆ ಒಂದು ಮಾತು. ನನಗೆ 14 ಆಯಿತು, ಒಂದೂ ಮುಳ್ಳಿನದಲ್ಲ. ಸಿಡಿದ ಲಾರಿ ಟೈರಿನ ಕೂದಲಿನಷ್ಟು ಸಣ್ಣ ತಂತಿ ರಸ್ತೆ ಅಂಚಿನಲ್ಲಿ ಬಿದ್ದಿರುತ್ತದೆ, ಅದು ಚುಚ್ಚಿಕೊಳ್ಳುತ್ತದೆ. ಕೈಗೆ ಸಿಗುವುದಿಲ್ಲ. ತೆಗೆಯದೆ ಟ್ಯೂಬ್ ಬದಲಿಸಿದರೆ ಅರ್ಧ ಗಂಟೆಗೆ ಮತ್ತೆ ಪಂಕ್ಚರ್. ಹುಬ್ಬು ಕೀಳುವ ಚಿಮಟ ಒಂದು ಇಟ್ಟುಕೊಳ್ಳಿ. ಟ್ಯೂಬಿನ ವಾಲ್ವ್ ಬೈಕಿನ ತರಹದ್ದೇ ಇರಲಿ, ಆಗ ಯಾವ ಬಂಕಿನಲ್ಲೂ ಗಾಳಿ ಹಾಕಿಸಬಹುದು. ಸ್ಟವ್ ಬೇಡವೇ ಬೇಡ. ನನ್ನದನ್ನು ಬೆಂಗಳೂರಿನಲ್ಲೇ ತಂಗಿ ಮನೆಯಲ್ಲಿ ಬಿಟ್ಟೆ.

ಪ್ರಿಪೇಯ್ಡ್ ಸಿಮ್ ಪಂಜಾಬ್ ಗಡಿಯ ಲಖನ್‌ಪುರ ದಾಟಿದ ಕೂಡಲೇ ನಿಂತುಹೋಗುತ್ತದೆ. ಜಮ್ಮು ಕಾಶ್ಮೀರದಲ್ಲಿ ಹೊರಗಿನ ಪ್ರಿಪೇಯ್ಡ್ ನಡೆಯುವುದಿಲ್ಲ. ಹೊರಡುವ ಒಂದು ತಿಂಗಳ ಮುಂಚೆಯೇ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ನಾನು ಮೂರು ದಿನ ಮನೆಗೆ ಫೋನ್ ಮಾಡಲಾಗದೆ ಅಮ್ಮ ಊಟ ಬಿಟ್ಟಿದ್ದರು.

ಉಧಂಪುರದಿಂದ ಆಚೆ ಹೊಸ ಸುರಂಗ ಇದೆ, 2017ರಲ್ಲಿ ತೆರೆದದ್ದು, ಸುಮಾರು 9 ಕಿ.ಮೀ. ಲಾರಿಗಳ ಹೊಗೆಯಲ್ಲಿ ಅದರೊಳಗೆ ಹೋಗುವ ಯೋಚನೆಯನ್ನೇ ಮಾಡಲಿಲ್ಲ. ಚೆನಾನಿಯಿಂದ ಪಟ್ನಿಟಾಪ್ ಮೇಲಿನ ಹಳೇ ರಸ್ತೆ ಹಿಡಿದೆ. 2,000 ಮೀಟರ್ ದಾಟುತ್ತದೆ, ಒಂದು ಪೂರ್ತಿ ದಿನ ಬೇಕು. ವಾಹನ ತೀರಾ ಕಮ್ಮಿ, ಎರಡೂ ಕಡೆ ದೇವದಾರು. ರಾಮ್‌ಬನ್‌ನಲ್ಲಿ ಮಳೆಗೆ ಗುಡ್ಡ ಜಾರಿ ಎರಡು ದಿನ ರಸ್ತೆ ಬಂದ್. ಊಟಕ್ಕೂ ಟೀಗೂ ಬೆಲೆ ಏರಿತು. ಅಲ್ಲಿ ಕೈಯಲ್ಲಿ ಎರಡು ದಿನದ ತಿಂಡಿ ಇರಲೇಬೇಕು. ಬನಿಹಾಲ್ ಸುರಂಗಕ್ಕೆ ಸೈಕಲನ್ನು ಪಿಕಪ್ ಗಾಡಿಗೆ ಹಾಕಿದೆ. ಆಚೆ ಬದಿ ಖಾಜಿಗುಂಡ್‌ನಲ್ಲಿ ಇಳಿದಾಗ ಗದ್ದೆ ಬಯಲು, ಬೆಟ್ಟದ ಮೇಲೆ ಹಿಮ, ಸಮತಟ್ಟು ರಸ್ತೆ. ಕಣಿವೆಯಲ್ಲಿ ರಸ್ತೆ ಪಕ್ಕ ಟೆಂಟ್ ಹಾಕಬೇಡಿ, ಸೇನೆಯ ವಾಹನಗಳು ಓಡಾಡುತ್ತಲೇ ಇರುತ್ತವೆ. ಪೊಲೀಸ್ ಠಾಣೆಯಲ್ಲಿ ಕೇಳಿದೆ. ಅವರೇ ಒಂದು ಮನೆಗೆ ಕಳಿಸಿದರು, ಉಪ್ಪಿನ ಚಹಾ ಕೊಟ್ಟರು, ಹೊದಿಕೆಯೊಳಗೆ ಇಟ್ಟುಕೊಳ್ಳಲು ಕೆಂಡದ ಕಾಂಗ್ರಿ ಕೊಟ್ಟರು.

ಮುಂದಿನ ಅಕ್ಟೋಬರಿಗೆ ಶ್ರೀನಗರದಿಂದ ಕೆಳಗೆ ಇನ್ನೊಮ್ಮೆ ಹೊರಡುತ್ತೇನೆ. ಕರೇಲಿಯ ಬಾಬೂಜಿಗೆ ಎರಡು ಕೆ.ಜಿ. ಮಂಡ್ಯದ ಅಚ್ಚು ಬೆಲ್ಲ ತಂದುಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.